ಹದ್ದುಬಸ್ತಿನಲ್ಲಿ ಹದ್ದಿಲ್ಲ, ನರಿ ಮಂಗಲದಲ್ಲಿ ನರಿಯಿಲ್ಲ

ಮಾತಿನಲ್ಲಿ ಬರುವ ಪ್ರಾಣಿಗಳ ಬಗ್ಗೆ ಕೊಡಗು ಜಿಲ್ಲೆಯ ಮೂಲೆಮೂಲೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ಹುಡುಗರನ್ನು ಹದ್ದುಬಸ್ತಿನಲ್ಲಿ ಇಡಬೇಕು’ ಎನ್ನುತ್ತಾರೆ. ಕೋಳಿಮರಿಯ ಮೇಲೆ ಹದ್ದು ಕಣ್ಣಿಟ್ಟ ಹಾಗೆ ಕಾಯಬೇಕು ಎಂದೇ ಇದರ ಅರ್ಥ? (ಪೊನ್ನಂಪೇಟೆ)

ಅಲ್ಲ. ಇದರಲ್ಲಿ ಹಕ್ಕಿಯೇ ಇಲ್ಲ. ಇಲ್ಲಿನ ‘ಹದ್ದು’ ಅರಬ್ಬಿಯ ‘ಹದ್ದ್’, ಎಂದರೆ ಎಲ್ಲೆ. ‘ಬಸ್ತ್’ ಪಾರಸಿ ಮಾತು, ಕಟ್ಟಿದ್ದು ಎಂದರ್ಥ. ಎಲ್ಲೆ ಕಟ್ಟುವುದೇ ಹದ್ದುಬಸ್ತು. ಬಂದೋಬಸ್ತಿನಲ್ಲಿರುವುದೂ ಇದೇ ‘ಬಸ್ತ್’, ಸರಹದ್ದಿನಲ್ಲಿರುವುದೂ ಇದೇ ‘ಹದ್ದ್’. ‘ಹದ್ದು ಮೀರಿದ’ ಎಂದಾಗಲೂ ಮೀರಿದ್ದು ಎಲ್ಲೆಯನ್ನು. ಕಂದಾಯದ ಕಾಗದಪತ್ರಗಳ ಮೂಲಕ ಈ ಮಾತು ದೇಶದುದ್ದಕ್ಕೂ ಹರಡಿತು. ಪಂಜಾಬಿನಲ್ಲಿ ಗ್ರಾಮಗಳಿಗೆ ಇಂದಿಗೂ ‘ಹದ್‌ಬಸ್ತ್’ ಸಂಖ್ಯೆ ಇದೆ.

ಹಕ್ಕಿಯ ಹೆಸರಿನ ಕಥೆ ಬೇರೆ. ಹಳಗನ್ನಡದಲ್ಲಿ ಅದು ‘ಪರ್ದು’, ತಮಿಳಿನಲ್ಲಿ ‘ಪರುಂದು’. ಪಕಾರ ಹಕಾರವಾಗಿ, ರಕಾರ ದಕಾರದಲ್ಲಿ ಕರಗಿ ‘ಹದ್ದು’ ಆಯಿತು. ಎರಡು ಬೇರೆ ದಾರಿಯಲ್ಲಿ ಬಂದ ಮಾತುಗಳು ಕೊನೆಗೆ ಒಂದೇ ರೂಪ ತಳೆದವು, ಅಷ್ಟೇ. ‘ಹದ್ದಿನ ಕಣ್ಣು’ ಎಂದಾಗ ಮಾತ್ರ ನಿಜವಾದ ಹಕ್ಕಿ ಇದೆ.

ತೋಟ ಇರುವವರಿಗೆ ಇಲ್ಲೊಂದು ಉಪಯೋಗದ ಮಾತು. ಸರ್ವೆಗೆ ಅರ್ಜಿ ಹಾಕುವಾಗ ಹದ್ದುಬಸ್ತಿಗೂ ಪೋಡಿಗೂ ಗಲಿಬಿಲಿ ಮಾಡಿಕೊಳ್ಳಬೇಡಿ. ದಾಖಲೆಯಲ್ಲಿ ಈಗಾಗಲೇ ಇರುವ ಗಡಿ ನೆಲದ ಮೇಲೆ ಎಲ್ಲಿದೆ ಎಂದು ಅಳೆದು ಗುರುತಿಸಿಕೊಡುವುದು ಹದ್ದುಬಸ್ತು. ಜಮೀನನ್ನು ಭಾಗಮಾಡಿ ಬೇರೆ ಬೇರೆ ನಕ್ಷೆ ಮಾಡಿಸುವುದು ಪೋಡಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲೆಂದು ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಹೊರಗಿನ ಬೇಲಿ ಎಲ್ಲಿಯವರೆಗೆ ಎಂಬುದು ತಿಳಿಯುತ್ತದೆ, ಒಳಗಿನ ಪಾಲು ಹಾಗೆಯೇ ಉಳಿಯುತ್ತದೆ. ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ತಲುಪಿದೆಯೇ ಎಂದು ನೋಡಿಕೊಳ್ಳಿ. ಅದು ತಪ್ಪಿದರೆ ಅವರು ಆಕ್ಷೇಪಣೆ ಹಾಕುತ್ತಾರೆ, ನೆಟ್ಟ ಕಲ್ಲಿನ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಪ್ರಶ್ನೆ: ಏಪ್ರಿಲ್ ಮಳೆಯಲ್ಲಿ ಬೀಳುವುದನ್ನು ನಮ್ಮಲ್ಲಿ ‘ಆನೆಕಲ್ಲು’ ಎನ್ನುತ್ತೇವೆ. ಆನೆಗೂ ಅದಕ್ಕೂ ಏನು ಸಂಬಂಧ? (ಸುಂಟಿಕೊಪ್ಪ)

ಸಂಬಂಧವಿಲ್ಲ. ಮೂಲ ಮಾತು ಆಲಿಕಲ್ಲು. ‘ಆಲಿ’ ಎಂದರೇ ಮಂಜುಗಲ್ಲು. ಮಲಯಾಳದಲ್ಲಿ ಅದು ‘ಆಲಿಪ್ಪಳಂ’, ತಮಿಳಿನಲ್ಲಿ ‘ಆಲಂಗಟ್ಟಿ’. ಕನ್ನಡದಲ್ಲಿ ‘ಆಲಿ’ ಒಂಟಿಯಾಗಿ ಬಳಕೆ ತಪ್ಪಿದ ಮೇಲೆ ಕಿವಿಗೆ ಪರಿಚಯವಿದ್ದ ‘ಆನೆ’ ಆ ಜಾಗಕ್ಕೆ ಬಂದು ಕೂತಿತು. ಕಲ್ಲು ದಪ್ಪಗಿದೆ ಎಂಬ ಭಾವನೆಯೂ ಸೇರಿಕೊಂಡಿತು. ‘ಬೆಕ್ಕಸ ಬೆರಗಾದ’ ಎಂಬುದರಲ್ಲಿ ಬೆಕ್ಕು ಇಲ್ಲದಿರುವುದೂ ಹೀಗೆಯೇ. ಹಳಗನ್ನಡದ ‘ಬೆಕ್ಕಸ’ ಎಂದರೂ ಬೆರಗೇ. ಒಂದೇ ಅರ್ಥದ ಎರಡು ಮಾತು ಜೋಡಿಯಾಗಿ ನಿಂತಿವೆ.

ಮಾತು ಏನೇ ಇರಲಿ, ಕಾಫಿಯ ಹೂಮಳೆಯ ಹೊತ್ತಿನಲ್ಲಿ ಆಲಿಕಲ್ಲು ಬಿದ್ದರೆ ನಷ್ಟ ದೊಡ್ಡದು. ರೊಬಸ್ಟಾ ಕಾಫಿಗೆ ಸುಮಾರು ಒಂದು ಇಂಚು, ಅಂದರೆ ತೋಟದವರ ಲೆಕ್ಕದಲ್ಲಿ ನೂರು ಸೆಂಟ್ ಮಳೆ ಸಿಕ್ಕಿದರೆ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ. ಮೊಗ್ಗು ಬಲಿತಾಗ ಕಲ್ಲು ಬಿದ್ದರೆ ಗೊಂಚಲು ಉದುರುತ್ತದೆ. ಹೂ ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ರೊಬಸ್ಟಾ ಪರಕೀಯ ಪರಾಗಸ್ಪರ್ಶದ ಗಿಡವಾದ್ದರಿಂದ ಈ ಪೆಟ್ಟು ಅರೇಬಿಕಾಕ್ಕಿಂತ ಅದಕ್ಕೆ ಹೆಚ್ಚು ತಾಗುತ್ತದೆ.

ಪ್ರಶ್ನೆ: ಹಿಂದೆ ಕೊಡಗಿನಲ್ಲಿ ‘ನರಿ ಮಂಗಲ’ ಮಾಡುತ್ತಿದ್ದರಂತೆ. ನರಿಯನ್ನು ಕೊಂದವನಿಗೆ ಇಷ್ಟು ದೊಡ್ಡ ಸನ್ಮಾನ ಏಕೆ? (ಕುಶಾಲನಗರ)

ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ. ಕನ್ನಡ, ತುಳು, ತಮಿಳುಗಳಲ್ಲಿ ಅದೇ ಮಾತು ಗುಂಪಾಗಿ ಊಳಿಡುವ ಆ ಸಣ್ಣ ಪ್ರಾಣಿಗೆ ಅಂಟಿಕೊಂಡಿದ್ದರೆ ಕೊಡವ ಭಾಷೆಯಲ್ಲಿ ಕಾಡಿನ ದೊಡ್ಡ ಬೇಟೆಗಾರನಿಗೆ ಸೇರಿತು. ಜಿಲ್ಲೆಯ ಹೊರಗಿನಿಂದ ಬಂದವರು ಎಡವುವುದು ಇಲ್ಲಿಯೇ.

ಹುಲಿ ಕೊಂದ ವೀರನಿಗೆ ಮದುವೆಯ ಗೌರವವನ್ನೇ ಕೊಡುವ ಆಚರಣೆ ಅದು. ಸತ್ತ ಹುಲಿಯನ್ನು ಬಿದಿರಿನ ಚೌಕಟ್ಟಿಗೆ ತೂಗುಹಾಕುತ್ತಿದ್ದರು. ಕೊಂದವನನ್ನು ಮದುಮಗನ ಉಡುಪಿನಲ್ಲಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಅದರ ಪಕ್ಕ ಕೂರಿಸುತ್ತಿದ್ದರು. ಬಂದವರು ಒಬ್ಬೊಬ್ಬರಾಗಿ ಮುಂದೆ ಬಂದು ಅಕ್ಕಿ ಹಾಕಿ ಹರಸಿ, ಕಿಂಡಿ ಎಂಬ ಕೊಳವೆಮೂತಿಯ ಪಾತ್ರೆಯಿಂದ ಹಾಲು ಕುಡಿಸಿ, ಹಣ ಕೊಡುತ್ತಿದ್ದರು. ಮದುವೆಯ ಮುಹೂರ್ತದಲ್ಲಿ ಮಾಡುವುದೂ ಇದನ್ನೇ. ಹುಲಿಯ ಆತ್ಮದೊಡನೆ ಆ ವೀರನ ಮದುವೆಯಾಯಿತು ಎಂಬುದು ಇದರ ಹಿಂದಿನ ಭಾವನೆ. ಕೊಡವರಲ್ಲಿ ‘ಮಂಗಲ’ ಎಂಬುದು ಮದುವೆಗೆ ಮಾತ್ರ ಸೀಮಿತವಲ್ಲ, ಊರು ಸೇರಿ ಒಬ್ಬರನ್ನು ಗೌರವಿಸುವ ಬೇರೆ ಸಂದರ್ಭಗಳಿಗೂ ಅದೇ ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಲಿಬೇಟೆಗೆ ತೆರೆ ಬಿತ್ತು, ಈ ಆಚರಣೆ ನೆನಪಿನಲ್ಲಿ ಮತ್ತು ಹಳೆಯ ಛಾಯಾಚಿತ್ರಗಳಲ್ಲಿ ಉಳಿಯಿತು.

ಇದರಿಂದ ಗಾದೆಗಳಿಗೆ ಆಗುವ ಫಜೀತಿ ನೋಡಿ. ‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ’ ಎಂಬ ಕನ್ನಡ ಗಾದೆಯಲ್ಲಿ ಹುಲಿಯ ಪಟ್ಟೆ ತನಗೂ ಬರಲೆಂದು ನರಿ ಕಾದ ಕಬ್ಬಿಣದಿಂದ ಮೈ ಸುಟ್ಟುಕೊಳ್ಳುತ್ತದೆ. ಹುಲಿಯ ಜಾಗದಲ್ಲಿ ಕೊಡವ ಮಾತನ್ನು ಹಾಕಿ ನರಿಯನ್ನು ಹಾಗೆಯೇ ಬಿಟ್ಟರೆ, ಹುಲಿಯೇ ಹುಲಿಯನ್ನು ಅನುಕರಿಸಿದಂತಾಗುತ್ತದೆ. ಶಾಲೆಯ ಮಕ್ಕಳಿಗೆ ಪಂಚತಂತ್ರದ ಕಥೆ ಹೇಳುವವರೂ ಇದನ್ನು ಗಮನಿಸಬೇಕು. 1031ರಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕರಟಕ ದಮನಕರು ಕನ್ನಡದ ನರಿಗಳು; ಸಿಂಹದ ಮಂತ್ರಿಗಳಾಗಿ ಮಗುವಿನ ಕಣ್ಣಿಗೆ ಎರಡು ಹುಲಿಗಳು ಬಂದರೆ ಕಥೆಯೇ ಕೆಡುತ್ತದೆ.

ಮಲಯಾಳ ಸೇರಿದರೆ ಗೊಂದಲ ಇನ್ನೊಂದು ಸುತ್ತು ಹೆಚ್ಚು. ಅಲ್ಲಿ ಹುಲಿಗೆ ‘ಕಡುವ’. ‘ಪುಲಿ’ ಎಂದರೆ ಮಾಮೂಲಿ ಮಾತಿನಲ್ಲಿ ಚಿರತೆ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಮೂರು ಭಾಷೆಯವರು ಒಟ್ಟಿಗೆ ಇರುವಾಗ ‘ಪುಲಿ ಬಂತು’, ‘ನರಿ ಬಂತು’ ಎಂಬ ಸುದ್ದಿ ಅರಣ್ಯ ಇಲಾಖೆಗೆ ಮುಟ್ಟುವಷ್ಟರಲ್ಲಿ ಪ್ರಾಣಿಯೇ ಬದಲಾಗಿರುತ್ತದೆ. ಹೆಸರಿಗಿಂತ ಹೆಜ್ಜೆ ನಂಬಿಕೆಯದು. ನೆಲದಲ್ಲಿ ಮೂಡಿದ ಹೆಜ್ಜೆಯ ಅಗಲಕ್ಕೆ ಸ್ಕೇಲಿಟ್ಟು ಚಿತ್ರ ತೆಗೆದು ಕಳಿಸಿ. ಬೆಳೆದ ಹುಲಿಯದು ಸಾಮಾನ್ಯವಾಗಿ 11–12 ಸೆಂ.ಮೀ. ದಾಟುತ್ತದೆ, ಚಿರತೆಯದು 10 ಸೆಂ.ಮೀ. ಒಳಗೇ ಇರುತ್ತದೆ. ಉಗುರಿನ ಗುರುತು ಎದ್ದು ಕಂಡರೆ ಅದು ಬಹುಮಟ್ಟಿಗೆ ನಾಯಿ. ಮೆತ್ತನೆಯ ಕೆಸರಿನಲ್ಲಿ ಹೆಜ್ಜೆ ಹರಡಿ ದೊಡ್ಡದಾಗಿ ಕಾಣುವುದರಿಂದ ಗಟ್ಟಿ ನೆಲದ ಹೆಜ್ಜೆಯನ್ನೇ ಅಳೆಯಿರಿ.

ಪ್ರಶ್ನೆ: ‘ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ’ ಎನ್ನುವಾಗ ಕರಡಿ ಎಲ್ಲಿಂದ ಬಂತು? (ಶನಿವಾರಸಂತೆ)

ಕರಡಿ ಅಥವಾ ಕರಡೆ ಎಂಬುದು ಕೊರಳಿಗೆ ಹಾಕಿಕೊಂಡು ಬಾರಿಸುವ ಒಂದು ಚರ್ಮವಾದ್ಯದ ಹೆಸರೂ ಹೌದು. ಉತ್ತರ ಕರ್ನಾಟಕದ ‘ಕರಡಿ ಮಜಲು’ ಮೇಳದಲ್ಲಿ ಅದು ಇಂದಿಗೂ ಮೊಳಗುತ್ತದೆ. ಶಿವಪೂಜೆಯಲ್ಲಿ ಬಾರಿಸಲೇಬೇಕಾದ ಕರಡೆಯನ್ನು ಕೈಬಿಟ್ಟಂತೆ, ಅಂದರೆ ಮುಖ್ಯವಾದದ್ದನ್ನೇ ಮರೆತಂತೆ ಎಂಬುದು ಇದಕ್ಕೆ ಭಾಷೆ ಬಲ್ಲವರು ಕೊಡುವ ವಿವರಣೆ. ‘ಬಿಡು’ ಎಂಬ ಕ್ರಿಯಾಪದಕ್ಕೆ ಕೈಬಿಡು ಎಂದೂ ಒಳಗೆ ನುಗ್ಗಿಸು ಎಂದೂ ಎರಡು ಅರ್ಥ ಇರುವುದರಿಂದ ಎರಡು ಓದಿಗೂ ವ್ಯಾಕರಣ ಅಡ್ಡಿ ಮಾಡುವುದಿಲ್ಲ. ಪೂಜೆ ನಡೆಯುವಲ್ಲಿ ವಾದ್ಯ ಇರುವುದು ಸಹಜ, ಕಾಡುಪ್ರಾಣಿ ಇರುವುದು ಸಹಜವಲ್ಲ, ಆದ್ದರಿಂದ ನಮ್ಮ ಒಲವು ವಾದ್ಯದ ಕಡೆಗೆ. ಆದರೆ ಇಂದು ಬರೆಯುವಾಗ ಅರ್ಥವನ್ನು ತಿರುಗಿಸಬೇಡಿ. ಈಗ ಎಲ್ಲರೂ ಬಳಸುವುದು ‘ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗಿ ಕೆಡಿಸಿದ’ ಎಂಬ ಅರ್ಥದಲ್ಲಿ. ಹಳೆಯ ಅರ್ಥ ಹಿಡಿದು ಬರೆದರೆ ಓದುಗರು ತಪ್ಪು ತಿಳಿಯುತ್ತಾರೆ.

ಪ್ರಶ್ನೆ: ಮಂಗನಬಾವು, ಮಂಗನ ಕಾಯಿಲೆ ಎರಡೂ ಒಂದೇನಾ? ನಾಯಿಕೆಮ್ಮು ನಾಯಿಯಿಂದ ಬರುತ್ತದೆಯೇ? (ಸಿದ್ದಾಪುರ, ನಾಪೋಕ್ಲು)

ಮೂರೂ ಬೇರೆ. ಈ ಗೊಂದಲದಿಂದ ಚಿಕಿತ್ಸೆ ತಡವಾಗುವುದುಂಟು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಮಂಗನಬಾವಿನಲ್ಲಿ ಮಂಗದ ಪಾತ್ರ ಬರೀ ಹೋಲಿಕೆಗೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ವೈರಸ್‌ನಿಂದ ಊದಿ ಕೆನ್ನೆ ದಪ್ಪಗಾಗುತ್ತದೆ. ನಮ್ಮ ಊರಿನ ಕೋತಿ ಹಲಸಿನ ತೊಳೆ, ಕಿತ್ತಳೆ ಸಿಕ್ಕಿದೊಡನೆ ಅಗಿಯದೆ ಕೆನ್ನೆಯ ಚೀಲಕ್ಕೆ ತುರುಕಿ, ಮರದ ಮೇಲೆ ಕೂತು ನಿಧಾನವಾಗಿ ಕೈಯಿಂದ ಒತ್ತಿ ಹೊರತೆಗೆದು ತಿನ್ನುವುದನ್ನು ನೋಡಿದ್ದರೆ ಹೆಸರು ಎಷ್ಟು ಸರಿಯಾಗಿದೆ ಎಂದು ತಿಳಿಯುತ್ತದೆ. ಉದ್ದ ಬಾಲದ ಕಪ್ಪುಮುಖದ ಮುಸುವನಿಗೆ ಈ ಕೆನ್ನೆಚೀಲ ಇಲ್ಲ. ಸೊಪ್ಪು ತಿಂದು ಬದುಕುವ ಅದಕ್ಕೆ ಹೊಟ್ಟೆಯೇ ಹಲವು ಕೋಣೆಯದು. ಹೆಸರಿಟ್ಟವರು ಯಾವ ಮಂಗ ಎಂಬುದನ್ನು ಸರಿಯಾಗಿಯೇ ಕಂಡಿದ್ದಾರೆ.

ಬಾವು ಕಾಣುವುದಕ್ಕೆ ಎರಡು ದಿನ ಮುಂಚಿನಿಂದ ಕಂಡ ಮೇಲೆ ಐದು ದಿನದವರೆಗೆ ಮಗು ಬೇರೆಯವರಿಗೆ ಹರಡಬಲ್ಲದು, ಆ ದಿನಗಳಲ್ಲಿ ಶಾಲೆಗೆ ಕಳಿಸಬೇಡಿ. ಹುಳಿ ತಿಂದರೆ ಜೊಲ್ಲು ಸುರಿಯಲು ಗ್ರಂಥಿ ಒತ್ತಿ ನೋವು ಹೆಚ್ಚಾಗುತ್ತದೆ, ಗಂಜಿಯಂಥ ಮೆತ್ತಗಿನ ಊಟ ಒಳ್ಳೆಯದು. ವೈರಸ್ ಆದ್ದರಿಂದ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಹುಡುಗರಿಗೆ ವೃಷಣ ಊದಿದರೆ, ಯಾರಿಗೇ ಆಗಲಿ ಕತ್ತು ಬಿಗಿದು ತಲೆನೋವು ಬಂದರೆ, ಕೆನ್ನೆಗೆ ಲೇಪ ಹಚ್ಚಿಕೊಂಡು ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಂಗನ ಕಾಯಿಲೆ ಹೋಲಿಕೆಯ ಹೆಸರಲ್ಲ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾದ ರೋಗ ಅದು. ಹರಡುವುದು ಕಾಡಿನ ಉಣ್ಣೆ ಕಚ್ಚುವುದರಿಂದ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣ್ಣೆ ಸುತ್ತಲಿನ ನೆಲಕ್ಕೆ ಇಳಿಯುತ್ತದೆ, ಹಾಗಾಗಿ ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಡಿಸೆಂಬರ್‌ನಿಂದ ಮೇವರೆಗೆ, ಒಣಗಿದ ತರಗು ಗುಡಿಸಲು ಕಾಡಿಗೆ ಹೋಗುವ ದಿನಗಳಲ್ಲೇ ಇದರ ಕಾಟ ಹೆಚ್ಚು.

ನಾಯಿಕೆಮ್ಮು ಮತ್ತೆ ಹೋಲಿಕೆ. ಉಸಿರು ಎಳೆದುಕೊಳ್ಳಲೂ ಬಿಡದೆ ಒಂದರ ಮೇಲೊಂದು ಕೆಮ್ಮು ನಾಯಿ ಬೊಗಳಿದ ಹಾಗೆ ಬಂದು, ಕೊನೆಗೆ ಉಸಿರೆಳೆದಾಗ ಕೂಗಿನಂಥ ಸದ್ದು ಬರುತ್ತದೆ. ಇದು ಬ್ಯಾಕ್ಟೀರಿಯಾದಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ. ಮನೆಯ ನಾಯಿಯನ್ನು ಓಡಿಸುವುದರಿಂದ ಏನೂ ಆಗುವುದಿಲ್ಲ. ತಡೆ ಇರುವುದು ಲಸಿಕೆಯಲ್ಲಿ: 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್, ಆಮೇಲೆ 16ರಿಂದ 24 ತಿಂಗಳೊಳಗೆ ಒಂದು ಮತ್ತು 5–6 ವರ್ಷಕ್ಕೆ ಇನ್ನೊಂದು ಡಿ.ಪಿ.ಟಿ. ಬೂಸ್ಟರ್. ಹಾಲುಗೂಸಿಗೆ ಕೂಗುವ ಸದ್ದು ಬಾರದೆ ಬರೀ ಉಸಿರು ನಿಂತು ಮೈ ನೀಲಿಯಾಗಬಹುದು. ‘ನಾಯಿ ಹಾಗೆ ಕೂಗಲಿಲ್ಲ, ಆದ್ದರಿಂದ ನಾಯಿಕೆಮ್ಮಲ್ಲ’ ಎಂದು ಹೆಸರನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ‘ಜಿಗಣೆ ಹಾಗೆ ಅಂಟಿಕೊಂಡ’, ‘ಇಂಬಳದ ಹಾಗೆ ಹತ್ತಿಕೊಂಡ’ ಎರಡಕ್ಕೂ ವ್ಯತ್ಯಾಸ ಇದೆಯೇ? (ಭಾಗಮಂಡಲ)

ಮಲೆನಾಡಿನವರ ಕಿವಿಗೆ ಇದೆ. ಜಿಗಣೆ ನೀರಿನದು, ಇಂಬಳ ನೆಲದ್ದು. ‘ಜಿಗಣೆ’ ಎಂದು ಬೈದರೆ ಕೂತಲ್ಲೇ ಕೂತು ಮತ್ತೊಬ್ಬರ ದುಡಿಮೆ ಹೀರುವವನು. ‘ಇಂಬಳ’ ಎಂದರೆ ಗೊತ್ತಾಗದ ಹಾಗೆ ಬಂದು ಹತ್ತಿ, ಬಿಡಿಸಿದರೂ ಬಿಡದವನು. ಇಂಬಳ ನೋವಾಗದಂತೆ ಕಚ್ಚುತ್ತದೆ, ಕಾಲುಚೀಲ ಕೆಂಪಾದ ಮೇಲೆಯೇ ಅದು ಹತ್ತಿದ್ದು ತಿಳಿಯುವುದು. ಬೈಗುಳ ಹುಟ್ಟಿದ್ದು ಈ ಗುಣದಿಂದ. ಜಿಗಣೆಗೆ ಗೌರವದ ಇನ್ನೊಂದು ಮುಖವೂ ಇದೆ. ಸುಶ್ರುತ ಸಂಹಿತೆ ಜಿಗಣೆಗಳಲ್ಲಿ ಹನ್ನೆರಡು ಬಗೆ ಹೇಳಿ, ಆರು ವಿಷವುಳ್ಳವು, ಆರು ಚಿಕಿತ್ಸೆಗೆ ಆಗುವಂಥವು ಎಂದು ವಿಂಗಡಿಸಿದೆ.

ಹತ್ತಿದ ಇಂಬಳವನ್ನು ಬಿಡಿಸುವ ಕ್ರಮವನ್ನೂ ಕೇಳಿದ್ದೀರಿ. ಅದರ ಎರಡು ತುದಿಯಲ್ಲೂ ಹೀರುಬಟ್ಟಲು ಇದೆ, ಸಣ್ಣಗಿರುವ ತುದಿ ಬಾಯಿ. ಮೊದಲು ಆ ತುದಿಯ ಅಡಿಗೆ ಉಗುರನ್ನು ಚರ್ಮಕ್ಕೆ ತಾಗಿಸಿ ಜಾರಿಸಿ, ಆಮೇಲೆ ದಪ್ಪ ತುದಿಯನ್ನು ಎಬ್ಬಿಸಿ ಕೊಡವಿ. ನಡುವೆ ಹಿಡಿದು ಜಗ್ಗಿದರೆ ಗಾಯ ಹರಿದುಕೊಳ್ಳುತ್ತದೆ. ಉಪ್ಪು, ಸುಣ್ಣ, ಬೆಂಕಿ ತಾಗಿಸಿದರೆ ಬಿಡುವುದು ನಿಜ, ಆದರೆ ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕುವ ಸಂಭವ ಇದೆ, ನಂಜಾಗುತ್ತದೆ. ಉಪ್ಪು ಹೊಗೆಸೊಪ್ಪನ್ನು ಮೈಗಲ್ಲ, ಹೊರಡುವ ಮೊದಲೇ ಕಾಲುಚೀಲಕ್ಕೆ ತಿಕ್ಕಿ. ಬಿಟ್ಟ ಮೇಲೆಯೂ ರಕ್ತ ಬಹಳ ಹೊತ್ತು ಒಸರುತ್ತದೆ, ಏಕೆಂದರೆ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಒಳಗೆ ಬಿಟ್ಟಿರುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು.

ಪ್ರಶ್ನೆ: ಗಜಪ್ರಸವ, ಗಜಸ್ನಾನ, ಬಿಳಿಯಾನೆ: ಇವುಗಳ ಮೂಲ ತಿಳಿಸಿ. (ದುಬಾರೆ ಸಮೀಪದಿಂದ)

ಆನೆಯ ಗರ್ಭ 18ರಿಂದ 22 ತಿಂಗಳು. ಕೆಲಸವೊಂದು ತಿಂಗಳುಗಟ್ಟಲೆ ಎಳೆದಾಡಿ ಕೊನೆಗೆ ಮುಗಿದರೆ ಅದು ‘ಗಜಪ್ರಸವ’. ಪತ್ರಿಕೆಗಳಲ್ಲಿ ಸಚಿವ ಸಂಪುಟ ರಚನೆಯ ಸುದ್ದಿಗೆ ಇದನ್ನು ಬಳಸುತ್ತಾರೆ, ಸರಿಯಾಗಿಯೇ ಇದೆ. ಹೆರಿಗೆಯೇ ಆಗದೆ ನಿಂತುಹೋದ ಕೆಲಸಕ್ಕೆ ಮಾತ್ರ ಇದನ್ನು ಹೇಳಬಾರದು.

‘ಗಜಸ್ನಾನ’ ಎಂದರೆ ಮಾಡಿಯೂ ವ್ಯರ್ಥವಾದ ಕೆಲಸ. ಹಿತೋಪದೇಶದಲ್ಲಿ ‘ಹಸ್ತಿಸ್ನಾನಮಿವ ಕ್ರಿಯಾ’ ಎಂದಿದೆ. ಕಾವೇರಿಯಲ್ಲಿ ಮಾವುತ ಕಾವಾಡಿಗಳು ಬೆನ್ನು ಕಿವಿ ಎಲ್ಲ ಉಜ್ಜಿ ದಡಕ್ಕೆ ಹತ್ತಿಸಿದೊಡನೆ ಆನೆ ಸೊಂಡಿಲಿನಲ್ಲಿ ಮಣ್ಣು ಬಾಚಿ ಬೆನ್ನಿಗೆ ಎರಚಿಕೊಳ್ಳುತ್ತದೆ. ನೋಡಿದವರಿಗೆ ತೊಳೆದದ್ದೆಲ್ಲ ಹಾಳಾಯಿತು ಎನಿಸುತ್ತದೆ. ಆನೆಯ ಕಡೆಯಿಂದ ನೋಡಿದರೆ ಕೆಲಸ ಪೂರ್ತಿಯಾಗುವುದೇ ಆಗ. ಒದ್ದೆ ಚರ್ಮಕ್ಕೆ ಹತ್ತಿದ ಮಣ್ಣು ಬಿಸಿಲನ್ನೂ ಕಚ್ಚುವ ನೊಣವನ್ನೂ ತಡೆಯುತ್ತದೆ, ತೇವ ಬೇಗ ಆರದಂತೆ ಕಾಯುತ್ತದೆ. ನಾಣ್ಣುಡಿ ಮನುಷ್ಯರ ಮಟ್ಟಿಗೆ ನಿಜ, ಆನೆಯ ಮಟ್ಟಿಗೆ ಅನ್ಯಾಯ.

‘ಬಿಳಿಯಾನೆ’ ಇಂಗ್ಲಿಷಿನ ಮೂಲಕ ಬಂದದ್ದು. ಸಯಾಮಿನ (ಇಂದಿನ ಥಾಯ್ಲೆಂಡ್) ರಾಜರು ತಮಗಾಗದವರಿಗೆ ಬಿಳಿಯಾನೆ ಉಡುಗೊರೆ ಕೊಟ್ಟು, ಸಾಕುವ ಖರ್ಚಿನಲ್ಲೇ ದಿವಾಳಿ ಮಾಡಿಸುತ್ತಿದ್ದರು ಎಂಬ ಕಥೆ ಇಂಗ್ಲಿಷ್ ಬರಹಗಳಲ್ಲಿ ಹಬ್ಬಿತ್ತು. ನಮ್ಮ ಪರಂಪರೆಯಲ್ಲಿ ಬಿಳಿಯಾನೆ ಎಂದರೆ ಇಂದ್ರನ ಐರಾವತ, ಅದು ಸಂಪತ್ತಿನ ಗುರುತು. ಅದೇ ಪ್ರಾಣಿಗೆ ನಷ್ಟದ ಅರ್ಥ ಬಂದಿರುವುದೇ ಇದು ಹೊರಗಿನಿಂದ ಬಂದ ಮಾತು ಎಂಬುದಕ್ಕೆ ಸಾಕ್ಷಿ.

ಪ್ರಶ್ನೆ: ಇನ್ನೂ ಯಾವ ಯಾವ ಮಾತು ಇಂಗ್ಲಿಷಿನಿಂದ ಬಂದಿವೆ? ನಾವೇ ಪತ್ತೆಹಚ್ಚುವುದು ಹೇಗೆ? (ವಿರಾಜಪೇಟೆಯ ಅಧ್ಯಾಪಕರು)

ಮೊಸಳೆ ಕಣ್ಣೀರು, ಕುದುರೆ ವ್ಯಾಪಾರ, ಸಿಂಹಪಾಲು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು: ಇವೆಲ್ಲ ಯುರೋಪಿನ ಕಡೆಯವು. ‘ಸಿಂಹಪಾಲು’ ಈಸೋಪನ ಕಥೆಯದು. ಅಲ್ಲಿ ಸಿಂಹ ದೊಡ್ಡ ಪಾಲನ್ನಲ್ಲ, ಇಡೀ ಬೇಟೆಯನ್ನೇ ತೆಗೆದುಕೊಳ್ಳುತ್ತದೆ. ಮೊಸಳೆಗೆ ಕಣ್ಣೀರು ನಿಜವಾಗಿಯೂ ಇದೆ, ನೀರಿನಿಂದ ಹೊರಗೆ ಕಣ್ಣು ಒಣಗದಿರಲು. ಮರುಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಂಸ್ಕೃತದ ಬಳಿಯಿಂದ ಬಂದವು ಬೇರೆ: ಕೂಪಮಂಡೂಕ, ಬಕಧ್ಯಾನ, ಸಿಂಹಾವಲೋಕನ, ಕಾಕತಾಳೀಯ. ಕೊನೆಯದರಲ್ಲಿ ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಸಮಯ ಸೇರಿತು, ಕಾರಣ ಸೇರಲಿಲ್ಲ. ‘ಕಾಕತಾಳೀಯವೆಂಬಂತೆ ಇದರಿಂದಾಗಿ’ ಎಂದು ಬರೆಯುವವರು ಒಂದೇ ವಾಕ್ಯದಲ್ಲಿ ಕಾರಣ ಇಲ್ಲ ಎಂದೂ ಇದೆ ಎಂದೂ ಹೇಳುತ್ತಿದ್ದಾರೆ.

ಮಕ್ಕಳಿಂದ ಮಾಡಿಸಬಹುದಾದ ಪರೀಕ್ಷೆ ಹೀಗೆ. ಮೊದಲು 1894ರ ಕಿಟೆಲ್ ನಿಘಂಟು ತೆರೆಸಿ. ಅದರಲ್ಲಿ ಪದಗಳ ಜೊತೆ ಗಾದೆಗಳೂ ಇವೆ. ಅಲ್ಲಿ ಸಿಕ್ಕ ಮಾತು ಕಡೇಪಕ್ಷ ಅಷ್ಟು ಹಳೆಯದು. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಹಳಗನ್ನಡ ರೂಪ ನೋಡಿ, ಹದ್ದು ಪರ್ದು ಆಗಿ ಸಿಕ್ಕ ಹಾಗೆ ಗುಟ್ಟು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಕೊಡವ, ಅರೆಭಾಷೆ, ತುಳು, ಮಲಯಾಳ ಆಡುವ ಮಕ್ಕಳಿದ್ದರೆ ಅವರವರ ಮಾತು ಕೇಳಿ ಬರೆಸಿ. ಕೊಡಗಿನ ಒಂದು ತರಗತಿಯಲ್ಲಿ ನಾಲ್ಕು ಭಾಷೆ ಸಿಗುವುದು ದೊಡ್ಡ ಅನುಕೂಲ, ಬಯಲುಸೀಮೆಯ ಶಾಲೆಗೆ ಅದು ಸಿಗದು. ಕೊನೆಗೆ ಆ ಪ್ರಾಣಿ ನಿಜವಾಗಿ ಹಾಗೆ ಮಾಡುತ್ತದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಈ ಕೊನೆಯ ಹೆಜ್ಜೆಯನ್ನು ಮೊದಲು ಇಡುವುದು: ಹದ್ದಿನ ಸ್ವಭಾವ ನೋಡಿ ಹದ್ದುಬಸ್ತಿಗೆ ಕಥೆ ಕಟ್ಟುವುದು.

ಪ್ರಶ್ನೆ: ಬಣ್ಣ ಬದಲಿಸುವ ರಾಜಕಾರಣಿಗೆ ಗೋಸುಂಬೆ, ಊಸರವಳ್ಳಿ, ಓತಿಕ್ಯಾತ ಮೂರನ್ನೂ ಹೇಳುತ್ತಾರೆ. ಯಾವುದು ಸರಿ? (ಗೋಣಿಕೊಪ್ಪಲು)

ಗೋಸುಂಬೆ ಮತ್ತು ಊಸರವಳ್ಳಿ ಒಂದೇ. ತೂಗುತ್ತಾ ನಡೆಯುವ, ಎರಡು ಕಣ್ಣನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುವ, ನಾಲಿಗೆ ಚಾಚಿ ಹುಳು ಹಿಡಿಯುವ ಪ್ರಾಣಿ. ಭಾರತದಲ್ಲಿರುವುದು ಅದರ ಒಂದೇ ಜಾತಿ. ತೋಟದ ಬೇಲಿಯ ಮೇಲೆ ತಲೆ ಆಡಿಸುತ್ತಾ ಕೂರುವುದು ಓತಿಕ್ಯಾತ. ಅದರ ಗಂಡು ಬೆದೆಯ ಕಾಲದಲ್ಲಿ ತಲೆ ಕತ್ತು ಕೆಂಪು ಮಾಡಿಕೊಳ್ಳುತ್ತದೆ. ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂಬ ಗಾದೆಗೆ ಇದೇ ಬೇಕು, ಗೋಸುಂಬೆ ಆಗದು.

ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಗೋಸುಂಬೆ ಬದಲಾಗುತ್ತದೆ ಎಂಬುದು ತಪ್ಪು. ಬಿಸಿಲು, ಚಳಿ, ಸಿಟ್ಟು, ಭಯ, ಬೆದೆ ಇವು ಬಣ್ಣ ಬದಲಿಸುತ್ತವೆ. ಮಡಗಾಸ್ಕರಿನ ಒಂದು ಜಾತಿಯನ್ನು ಪರೀಕ್ಷಿಸಿದ ಜಿನೀವಾದ ವಿಜ್ಞಾನಿಗಳು, ಚರ್ಮದ ಕೋಶಗಳೊಳಗಿನ ಸಣ್ಣ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಮಾರ್ಪಡುತ್ತದೆ ಎಂದು 2015ರಲ್ಲಿ ತೋರಿಸಿದರು. ಹಾಗಾಗಿ ಒಳಗಿನ ಭಾವ ಮುಖದ ಮೇಲೆ ಬರುವವರಿಗೆ ಗೋಸುಂಬೆ ಹೆಚ್ಚು ಒಪ್ಪುತ್ತಿತ್ತು. ಬಳಕೆ ಬೇರೆ ದಾರಿ ಹಿಡಿದಿದೆ, ಈಗ ಅದನ್ನು ತಿದ್ದಲಾಗದು.

ಪ್ರಶ್ನೆ: ‘ನಾಯಿಕೊಡೆಗಳಂತೆ ಹೋಂಸ್ಟೇಗಳು’ ಎಂದು ಓದುತ್ತೇವೆ. ನಾಯಿ ಏಕೆ? (ಮಡಿಕೇರಿ)

ಗಿಡಮರಗಳ ಹೆಸರಿನ ಮುಂದೆ ‘ನಾಯಿ’ ಬಂದರೆ ಅದು ಅಸಲಿಯಂತೆ ಕಂಡರೂ ಮನುಷ್ಯರ ಉಪಯೋಗಕ್ಕೆ ಅಷ್ಟಾಗಿ ಬಾರದ್ದು ಎಂದು ಲೆಕ್ಕ. ನಾಯಿತುಳಸಿ, ನಾಯಿಸಾಸಿವೆ, ನಾಯಿನೇರಳೆ ಎಲ್ಲ ಹೀಗೆ. ತಿನ್ನುವಂಥದ್ದು ಅಣಬೆ, ಕೊಡವರ ಮನೆಯಲ್ಲಿ ಕುಮ್ಮು, ತಿನ್ನಬಾರದ್ದು ನಾಯಿಕೊಡೆ. ಮಳೆ ಬಿದ್ದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎದ್ದು, ಎರಡು ದಿನದಲ್ಲಿ ಕೊಳೆಯುತ್ತದೆ. ಹಾಗಾಗಿ ಮಾತಿನಲ್ಲಿ ಮೂರು ಸಂಗತಿ ಒಟ್ಟಿಗೆ ಇವೆ: ಬೇಗ ಹುಟ್ಟಿದವು, ಲೆಕ್ಕವಿಲ್ಲದಷ್ಟು, ಕೆಲಸಕ್ಕೆ ಬಾರದವು. ‘ನಮ್ಮ ಊರಿನಲ್ಲಿ ಗ್ರಂಥಾಲಯಗಳು ನಾಯಿಕೊಡೆಗಳಂತೆ ಬೆಳೆಯಲಿ’ ಎಂದು ವೇದಿಕೆಯಲ್ಲಿ ಹಾರೈಸಿದರೆ ಅದು ಶಾಪವಾಗುತ್ತದೆ.

ವಿಷದ ಅಣಬೆಯನ್ನು ಗುರುತಿಸುವುದು ಹೇಗೆ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದಕ್ಕೆ: ಬೆಳ್ಳಿ ಚಮಚ ಕಪ್ಪಾದರೆ ವಿಷ, ಹುಳು ತಿಂದಿದ್ದರೆ ಒಳ್ಳೆಯದು ಎಂಬ ಪರೀಕ್ಷೆಗಳು ಯಾವುದೂ ನಂಬುವಂಥವಲ್ಲ. ಕೆಲವು ವಿಷದ ಅಣಬೆಗಳನ್ನು ಬೇಯಿಸಿದರೂ ವಿಷ ಹೋಗುವುದಿಲ್ಲ, ವಾಂತಿ ಶುರುವಾಗುವುದೇ ಎಷ್ಟೋ ಗಂಟೆ ಕಳೆದ ಮೇಲೆ. ಗುರುತು ಬಲ್ಲವರು ಕಿತ್ತದ್ದನ್ನು ಮಾತ್ರ ತಿನ್ನಿ.

ಪ್ರಶ್ನೆ: ‘ತಲೆ ಮೇಲೆ ಗೂಬೆ ಕೂರಿಸು’, ‘ಕಾಗೆ ಹಾರಿಸು’? (ಸೋಮವಾರಪೇಟೆ)

ಗೂಬೆ ಕೂತ ಮನೆಗೆ ಕೇಡು ಎಂದು ನಂಬಿ ಶಾಂತಿ ಮಾಡಿಸುವ, ಮನೆಯನ್ನೇ ಬಿಡುವ ರೂಢಿ ಇತ್ತು. ಕೇಡನ್ನು ಇನ್ನೊಬ್ಬರ ಮೇಲೆ ದಾಟಿಸುವುದೇ ಗೂಬೆ ಕೂರಿಸುವುದು. ತಾನು ಮಾಡಿದ ತಪ್ಪನ್ನು ಬೇರೆಯವರಿಗೆ ಅಂಟಿಸಿದಾಗ ಮಾತ್ರ ಹೇಳಬೇಕು. ಸುಮ್ಮನೆ ಬೈದರೆ ಅದು ಗೂಬೆ ಕೂರಿಸಿದಂತಲ್ಲ. ಇಲಿ ತಿಂದು ಭತ್ತ ಉಳಿಸುವ ಹಕ್ಕಿಗೆ ಈ ಕೆಟ್ಟ ಹೆಸರು ಬಂದದ್ದು ಬೇಸರದ ಸಂಗತಿ.

‘ಹಾರಿಸು’ ಎಂಬುದಕ್ಕೇ ಸುಳ್ಳು ಬಿಡು ಎಂಬ ಅರ್ಥ ಇದೆ. ಒಬ್ಬ ಕಪ್ಪಗೆ ವಾಂತಿ ಮಾಡಿದ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕೊನೆಗೆ ಅವನ ಬಾಯಿಂದ ಕಾಗೆಯೇ ಹಾರಿತು ಎಂದಾದ ಜನಪದ ಕಥೆಯನ್ನೂ ಇದರ ಜೊತೆ ಹೇಳುತ್ತಾರೆ.

ಪ್ರಶ್ನೆ: ‘ಜೇನುಗೂಡಿಗೆ ಕಲ್ಲು ಹೊಡೆದಂತೆ’ ಎಂಬುದು ಪೆಟ್ಟಿಗೆಯ ಜೇನಿಗೂ ಸಲ್ಲುತ್ತದೆಯೇ? (ಚೇರಂಬಾಣೆ)

ಮಾತು ಹುಟ್ಟಿದ್ದು ಹೆಜ್ಜೇನಿನಿಂದ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಕತ್ತಲಲ್ಲಿ, ಪೊಟರೆಯಲ್ಲಿ ಹಲವು ಹಲ್ಲೆ (ಮೇಣದ ತಟ್ಟಿ) ಕಟ್ಟುತ್ತದೆ. ಕಲ್ಲು ತಾಗುವುದೇ ಇಲ್ಲ. ಹೆಜ್ಜೇನು ಎತ್ತರದ ಕೊಂಬೆಗೆ, ಬಂಡೆಗೆ ಬಯಲಿನಲ್ಲೇ ಒಂದೇ ದೊಡ್ಡ ಹಲ್ಲೆ ಇಳಿಬಿಡುತ್ತದೆ. ಒಂದು ಹುಳು ಚುಚ್ಚಿದರೆ ಬಾಳೆಹಣ್ಣಿನಂಥ ವಾಸನೆಯ ದ್ರವ ಹೊರಬಂದು ಉಳಿದವಕ್ಕೂ ಅದೇ ಜಾಗ ತೋರಿಸುತ್ತದೆ. ಕಲ್ಲು ಹೊಡೆದವನ ಜೊತೆ ದಾರಿಹೋಕರಿಗೂ ಕಚ್ಚುವುದರಿಂದ, ಒಬ್ಬನ ದುಡುಕಿನಿಂದ ಊರಿಗೆಲ್ಲ ತೊಂದರೆಯಾದಾಗ ಈ ಮಾತು ತುಂಬ ಸರಿಯಾಗಿ ಹೊಂದುತ್ತದೆ.

ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಬಾಗಿಲು ಹಾಕಬಹುದಾದ ಕೋಣೆ ಅಥವಾ ಕಾರಿನ ಕಡೆಗೆ ಓಡಿ. ಕೆರೆಗೆ ಹಾರಬೇಡಿ, ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಮುಳ್ಳನ್ನು ಉಗುರಿನಿಂದಲೋ ಕಾರ್ಡಿನಿಂದಲೋ ತಕ್ಷಣ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಬಾಯಿ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಒಂದೇ ಮುಳ್ಳಾದರೂ ಆಸ್ಪತ್ರೆಗೆ ಹೋಗಲೇಬೇಕು.

1991–92ರಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿತು. ಅದು ಕಾಡಿದ್ದು ತುಡುವೆಯನ್ನು. ಚೇರಂಬಾಣೆಯವರು ಕಳಿಸಿದ ಚಿತ್ರದಲ್ಲೂ ಈ ರೋಗದ ಗುರುತಿನಂತೆ ಮರಿಹುಳು ಚೀಲದಂತೆ ನೀರು ತುಂಬಿ, ತಲೆ ಮೇಲಕ್ಕೆ ಎತ್ತಿ ಸತ್ತಿರುವುದು ಕಾಣುತ್ತಿರುವುದರಿಂದ, ಆ ಪೆಟ್ಟಿಗೆಯ ಹಲ್ಲೆಯನ್ನು ಬೇರೆ ಪೆಟ್ಟಿಗೆಗೆ ಹಾಕಬೇಡಿ, ಅದೇ ಚಾಕು ಬೇರೆ ಕಡೆ ಬಳಸಬೇಡಿ, ತೋಟಗಾರಿಕೆ ಇಲಾಖೆಯ ಜೇನು ವಿಭಾಗದವರಿಗೆ ಕೂಡಲೇ ತೋರಿಸಿ.